.308 ಬೋಲ್ಟ್ ಆ್ಯಕ್ಷನ್ ರೈಫಲ್‌ಗೆ ಯಾವ ಸೈಜಿಂಗ್ ಡೈ ಕೊಳ್ಳಬೇಕು?

ನೇರಗುರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. .308 ವಿಂಚೆಸ್ಟರ್ ಕಾರ್ಟ್ರಿಜ್‌ನ ಬೋಲ್ಟ್ ಆ್ಯಕ್ಷನ್ ರೈಫಲ್ ಒಂದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದೇನೆ. ರೀಲೋಡ್ ಮಾಡಿಕೊಳ್ಳಲು, ಅಂದರೆ ಹಾರಿಸಿದ ಕೇಸನ್ನು (ಕಾರ್ಟ್ರಿಜ್‌ನ ಹಿತ್ತಾಳೆ ಕವಚ) ಮತ್ತೆ ತುಂಬಿ ಬಳಸಲು ಬೇಕಾದ ಅನುಮತಿ ಕೈಸೇರಿದೆ. ಸಿಂಗಲ್ ಸ್ಟೇಜ್ ಪ್ರೆಸ್, ಕ್ಯಾಲಿಪರ್, ಟ್ರಿಮ್ಮರ್, ತಕ್ಕಡಿ ಎಲ್ಲವೂ ಸಿದ್ಧವಾಗಿವೆ. ಬಾಕಿ ಉಳಿದಿರುವುದು ಹಾರಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು, ಅಂದರೆ ಸೈಜಿಂಗ್ ಡೈ ಮಾತ್ರ. ಅದನ್ನು ಆರಿಸಲು ಕುಳಿತಾಗಿನಿಂದ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ.

ಹಾರಿಸಿದ ಕೇಸ್ ನನ್ನದೇ ಚೇಂಬರ್‌ನ (ರೈಫಲ್‌ನಲ್ಲಿ ಕಾರ್ಟ್ರಿಜ್ ಕೂರುವ ಗೂಡು) ಆಕಾರವನ್ನು ಪಡೆದಿರುವಾಗ ಅದರ ಕತ್ತನ್ನು ಮಾತ್ರ ಬಿಗಿ ಮಾಡಿದರೆ ಸಾಕು, ಮೈಯನ್ನು ಮುಟ್ಟಲೇಬಾರದು, ಆಗ ಗುರಿಯೂ ನಿಖರ, ಹಿತ್ತಾಳೆಗೂ ಆಯುಷ್ಯ ಎಂದು ಕೆಲವರು ಹೇಳುತ್ತಾರೆ. ಪ್ರತಿ ಸಲವೂ ಫುಲ್ ಲೆಂತ್ ಡೈ ಹಾಕದಿದ್ದರೆ ಒಂದಲ್ಲ ಒಂದು ದಿನ ಬೋಲ್ಟ್ ಮುಚ್ಚದೆ ಪರದಾಡಬೇಕಾಗುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಇವರ ನಡುವೆ ಬುಷಿಂಗ್ ಡೈ, ಕಾಲೆಟ್ ಡೈ, ಬಾಡಿ ಡೈ, ಸ್ಮಾಲ್ ಬೇಸ್ ಡೈ ಎಂದು ಹೆಸರುಗಳು ಬೆಳೆಯುತ್ತಲೇ ಹೋಗುತ್ತವೆ.

ನನ್ನ ಬಳಿ ಎರಡು ರಾಶಿ ಕೇಸ್‌ಗಳಿವೆ. ಒಂದು ರಾಶಿ ನನ್ನದೇ ರೈಫಲ್‌ನಲ್ಲಿ ಹಾರಿಸಿದ್ದು, ಎಲ್ಲವೂ ಒಂದೇ ತಯಾರಕರವು. ಇನ್ನೊಂದು ರಾಶಿ ಬೇರೆಯವರ ರೈಫಲ್‌ಗಳಿಂದ ಬಂದದ್ದು, ತಯಾರಕರೂ ಬೇರೆ ಬೇರೆ. ಗುರಿಯ ದೂರ 100ರಿಂದ 300 ಮೀಟರ್. ಸ್ಪರ್ಧೆಗೆ ಹೋಗುವ ಉದ್ದೇಶ ಸದ್ಯಕ್ಕಿಲ್ಲ. ಒಂದೇ ಡೈ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು, ಅದನ್ನೇ ಏಕೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಪ್ರೆಸ್

ಒಂದೇ ಡೈ ಎಂದರೆ ಫುಲ್ ಲೆಂತ್ ಡೈ. ಆದರೆ ಅದರೊಂದಿಗೆ ಬರುವ ಕಾಗದದಲ್ಲಿ ಹೇಳಿದಂತೆ ಕೂರಿಸಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಡೈ ಯಾವುದು ಎನ್ನುವುದಕ್ಕಿಂತ ಅದನ್ನು ಎಷ್ಟು ಕೆಳಗೆ ಇಳಿಸಿದ್ದೀರಿ ಎನ್ನುವುದೇ ಇಲ್ಲಿ ಹೆಚ್ಚಿನ ವಿಷಯ.

ಗುಂಡು ಹಾರಿದ ಕ್ಷಣದಲ್ಲಿ ಹಿತ್ತಾಳೆ ಹಿಗ್ಗಿ ಚೇಂಬರ್‌ನ ಗೋಡೆಗೆ ಒತ್ತಿಕೊಳ್ಳುತ್ತದೆ; ಒತ್ತಡ ಇಳಿದೊಡನೆ ತನ್ನ ಸ್ಥಿತಿಸ್ಥಾಪಕ ಗುಣದಿಂದ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ, ಹಾಗೆ ಸರಿಯುವುದರಿಂದಲೇ ಖಾಲಿ ಕೇಸ್ ಹೊರಗೆ ಬರಲು ಸಾಧ್ಯವಾಗುತ್ತದೆ. ಸೈಜಿಂಗ್ ಡೈ ಮಾಡುವ ಕೆಲಸ ಮೂರು ಕಡೆ ನಡೆಯುತ್ತದೆ: ಬುಲೆಟ್ ಹಿಡಿಯುವಂತೆ ಕತ್ತನ್ನು ಕಿರಿದು ಮಾಡುವುದು, ಮೈಯ ಸುತ್ತಳತೆಯನ್ನು ತಗ್ಗಿಸುವುದು, ಮೈ ಕತ್ತಿನ ಕಡೆಗೆ ಕಿರಿದಾಗುವ ಓರೆ ಭಾಗವಾದ ಭುಜವನ್ನು ಹಿಂದಕ್ಕೆ ತಳ್ಳುವುದು. ನೆಕ್ ಡೈ ಮೊದಲನೆಯದನ್ನು ಮಾತ್ರ ಮಾಡುತ್ತದೆ, ಬಾಡಿ ಡೈ ಕೊನೆಯ ಎರಡನ್ನು ಮಾತ್ರ ಮಾಡುತ್ತದೆ, ಫುಲ್ ಲೆಂತ್ ಡೈ ಮೂರನ್ನೂ ಒಂದೇ ಏಟಿಗೆ ಮಾಡುತ್ತದೆ.

ತಯಾರಕರ ಕಷ್ಟವೇನೆಂದರೆ, ಅವರ ಡೈ ಯಾವ ರೈಫಲ್‌ನ ಕೇಸನ್ನಾದರೂ ಯಾವ ಚೇಂಬರ್‌ಗಾದರೂ ಹೊಂದಿಸಬೇಕು. ಅಮೆರಿಕದ ಶಸ್ತ್ರ ಮತ್ತು ಮದ್ದುಗುಂಡು ತಯಾರಕರ ಸಂಸ್ಥೆಯಾದ ಸಾಮಿಯ (SAAMI) ಮಾನದಂಡದ ಪ್ರಕಾರ .308ರ ಚೇಂಬರ್‌ನಲ್ಲಿ ಬೋಲ್ಟ್‌ನ ಮುಖದಿಂದ ಭುಜದ ಮೇಲಿನ ನಿಗದಿತ ಗೆರೆಯವರೆಗಿನ ಉದ್ದ 1.630 ಇಂಚಿನಿಂದ 1.640 ಇಂಚಿನವರೆಗೆ ಇರಬಹುದು. ಅಂದರೆ ಎರಡೂ ನಿಯಮಬದ್ಧವಾದ ರೈಫಲ್‌ಗಳ ನಡುವೆ ಕಾಲು ಮಿಲಿಮೀಟರ್ ವ್ಯತ್ಯಾಸವಿರಲು ಅವಕಾಶವಿದೆ. ಡೈಯನ್ನು ಶೆಲ್ ಹೋಲ್ಡರ್‌ಗೆ (ಪ್ರೆಸ್‌ನಲ್ಲಿ ಕೇಸ್‌ನ ಬುಡ ಹಿಡಿಯುವ ತುಂಡು) ಮುಟ್ಟಿಸಿ ಮೇಲೆ ಇನ್ನೊಂದಿಷ್ಟು ತಿರುಗಿಸಿ ಎಂಬ ಸೂಚನೆ ಅತಿ ಗಿಡ್ಡ ಚೇಂಬರ್‌ನವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಿಮ್ಮ ಚೇಂಬರ್ ಉದ್ದವಾಗಿದ್ದರೆ ಅದೇ ಸೂಚನೆ ಭುಜವನ್ನು ಅನಗತ್ಯವಾಗಿ ಹಿಂದಕ್ಕೆ ತಳ್ಳುತ್ತದೆ.

ಹಾಗೆ ತಳ್ಳಿದ ಕೇಸನ್ನು ಹಾರಿಸಿದಾಗ ಏನಾಗುತ್ತದೆ ನೋಡಿ. ಫೈರಿಂಗ್ ಪಿನ್ ಹೊಡೆತಕ್ಕೆ ಕೇಸ್ ಮುಂದಕ್ಕೆ ಜರುಗುತ್ತದೆ. ಮುಂಭಾಗದ ತೆಳು ಗೋಡೆ ಮೊದಲು ಹಿಗ್ಗಿ ಚೇಂಬರ್‌ಗೆ ಕಚ್ಚಿಕೊಳ್ಳುತ್ತದೆ. ದಪ್ಪವಾದ ಬುಡ ಮಾತ್ರ ಒತ್ತಡಕ್ಕೆ ಹಿಂದೆ ಸರಿದು ಬೋಲ್ಟ್‌ಗೆ ತಾಗುತ್ತದೆ. ಈ ಎರಡರ ನಡುವಿನ ಗೋಡೆ ಎಳೆದುಕೊಂಡು ತೆಳುವಾಗುತ್ತದೆ. ಬುಡದಿಂದ ತುಸು ಮೇಲೆ ಕೇಸ್‌ನ ಸುತ್ತ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅದು ಇದರದ್ದೇ ಗುರುತು. ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಪುಟ್ಟ ಕೊಕ್ಕೆಯಂತೆ ಬಗ್ಗಿಸಿ, ಕೇಸ್‌ನ ಒಳಗೋಡೆಯ ಮೇಲೆ ಬುಡದಿಂದ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ತೆಳುವಾದ ಜಾಗದಲ್ಲಿ ತುದಿ ಒಂದು ಹಳ್ಳಕ್ಕೆ ಬಿದ್ದಂತೆ ತಡೆಯುತ್ತದೆ. ಅಂಥ ಕೇಸ್ ಮತ್ತೆ ಪ್ರೆಸ್‌ಗೆ ಬರಬಾರದು, ಏಕೆಂದರೆ ಮುಂದಿನ ಹಂತದಲ್ಲಿ ಅದು ಎರಡು ತುಂಡಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು.

ಆದ್ದರಿಂದ ಬೋಲ್ಟ್ ಆ್ಯಕ್ಷನ್‌ನಲ್ಲಿ ಭುಜವನ್ನು 0.001ರಿಂದ 0.002 ಇಂಚಿನಷ್ಟು ಮಾತ್ರ ಹಿಂದೆ ತಳ್ಳಿ. ಸೆಮಿ ಆಟೋಮ್ಯಾಟಿಕ್‌ಗಾದರೆ 0.003ರಿಂದ 0.005 ಇಂಚು ಬಿಡುವುದು ವಾಡಿಕೆ, ಏಕೆಂದರೆ ಅಲ್ಲಿ ಬೋಲ್ಟನ್ನು ಮುಚ್ಚುವುದು ಸ್ಪ್ರಿಂಗ್, ನಿಮ್ಮ ಕೈಯಲ್ಲ. ಇದನ್ನು ಅಳೆಯಲು ಕ್ಯಾಲಿಪರ್‌ಗೆ ಸಿಕ್ಕಿಸುವ ಕಂಪ್ಯಾರೇಟರ್ ಬೇಕು. ಡೈಗೆ ಹಾಕುವ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಳತೆಯಿಲ್ಲದೆ ದುಬಾರಿ ಡೈ ಇಟ್ಟುಕೊಂಡವರಿಗಿಂತ ಅಳತೆಯೊಂದಿಗೆ ಸಾಧಾರಣ ಡೈ ಇಟ್ಟುಕೊಂಡವರು ಯಾವಾಗಲೂ ಮುಂದಿರುತ್ತಾರೆ.

ಅಳೆಯುವ ಮೊದಲು ಪ್ರೈಮರನ್ನು (ಬುಡದಲ್ಲಿ ಕೂತು ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತೆಗೆಯಿರಿ. ಹಾರಿದ ಪ್ರೈಮರ್ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಎದ್ದಿದ್ದರೂ ನಿಮ್ಮ ಲೆಕ್ಕವೆಲ್ಲ ಕೆಡುತ್ತದೆ.

ಮೆತ್ತನೆಕತ್ತು

ಹಳೆಪ್ರೆಸ್ ಅವರು ಹೇಳಿದ್ದರಲ್ಲಿ ಭುಜದ ವಿಷಯವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸಾಮಾನ್ಯ ಫುಲ್ ಲೆಂತ್ ಡೈ ಕತ್ತಿಗೆ ಮಾಡುವ ಅನ್ಯಾಯವನ್ನು ಅವರು ಮುಟ್ಟಲೇ ಇಲ್ಲ.

ಕೇಸ್‌ನ ಕತ್ತಿನ ಗೋಡೆ ಒಬ್ಬ ತಯಾರಕರಲ್ಲಿ ದಪ್ಪ, ಇನ್ನೊಬ್ಬರಲ್ಲಿ ತೆಳು. ಎಲ್ಲವನ್ನೂ ಹಿಡಿಯಬೇಕಾದ ಡೈ ಕತ್ತನ್ನು ಬೇಕಾದುದಕ್ಕಿಂತ ಬಹಳ ಕಿರಿದಾಗಿ ಅಮುಕುತ್ತದೆ. ಕೇಸ್ ಕೆಳಗಿಳಿಯುವಾಗ ಡೈಯೊಳಗಿನ ಕಡ್ಡಿಯ ಮೇಲಿರುವ ಎಕ್ಸ್‌ಪಾಂಡರ್ ಎಂಬ ಉಂಡೆ ಅದೇ ಕತ್ತನ್ನು ಮತ್ತೆ ಹಿಗ್ಗಿಸುತ್ತ ಹೊರಬರುತ್ತದೆ. ಒಂದೇ ಸಲದ ಸೈಜಿಂಗ್‌ನಲ್ಲಿ ಹಿತ್ತಾಳೆ ಎರಡು ದಿಕ್ಕಿಗೆ ಬಾಗಿದಂತಾಯಿತು. ಕೇಸ್‌ಗೆ ಬಳಸುವ ಹಿತ್ತಾಳೆಯಲ್ಲಿ ಶೇಕಡ 70ರಷ್ಟು ತಾಮ್ರ, 30ರಷ್ಟು ಸತು ಇರುತ್ತದೆ, ಬಾಗಿಸಿದಷ್ಟೂ ಗಡಸಾಗುವುದು ಅದರ ಸ್ವಭಾವ. ಗಡಸಾದ ಕತ್ತು ಬುಲೆಟನ್ನು ಒಂದೊಂದು ಕೇಸ್‌ನಲ್ಲಿ ಒಂದೊಂದು ಬಿಗಿಯಲ್ಲಿ ಹಿಡಿಯುತ್ತದೆ, ಕೊನೆಗೆ ಉದ್ದಕ್ಕೆ ಸೀಳುತ್ತದೆ. ಮಿಗಿಲಾಗಿ, ಒಳಗೆ ಎಣ್ಣೆಯ ಪಸೆ ಇಲ್ಲದ ಕತ್ತಿನಿಂದ ಎಕ್ಸ್‌ಪಾಂಡರ್ ಕಿರುಗುಟ್ಟುತ್ತ ಹೊರಬರುವಾಗ ಕತ್ತನ್ನು ಒಂದು ಪಕ್ಕಕ್ಕೆ ಎಳೆದುಬಿಡಬಹುದು; ಆಗ ಬುಲೆಟ್ ಕೇಸ್‌ನ ಮಧ್ಯರೇಖೆಯಲ್ಲಿ ಕೂರುವುದಿಲ್ಲ.

ಕಾಲೆಟ್ ಡೈಯಲ್ಲಿ ಈ ಎಳೆದಾಟವೇ ಇಲ್ಲ. ಲೀ ಕಂಪನಿಯದು ಇದರಲ್ಲಿ ಎಲ್ಲರಿಗೂ ಪರಿಚಿತ. ಕತ್ತಿನೊಳಗೆ ಮ್ಯಾಂಡ್ರೆಲ್ ಎಂಬ ನಯವಾದ ಉಕ್ಕಿನ ಕಡ್ಡಿ ನಿಂತಿರುತ್ತದೆ, ಹೊರಗಿನಿಂದ ಸೀಳಿದ ಕಾಲೆಟ್‌ನ ಎಸಳುಗಳು ಕತ್ತನ್ನು ಅದರ ಮೇಲೆ ಒತ್ತುತ್ತವೆ. ಗೋಡೆ ದಪ್ಪವಿರಲಿ ತೆಳುವಿರಲಿ, ಒಳವ್ಯಾಸ ಮ್ಯಾಂಡ್ರೆಲ್‌ನಷ್ಟೇ ಆಗುತ್ತದೆ. ಎಣ್ಣೆ ಸವರಬೇಕಾಗಿಲ್ಲ, ಒರೆಸಬೇಕಾಗಿಲ್ಲ, ಕತ್ತು ಉದ್ದವಾಗುವುದೂ ಬಹಳ ಕಡಿಮೆ. ಪ್ರೆಸ್‌ನ ಹಿಡಿಯ ಮೇಲೆ ಪ್ರತಿ ಸಲವೂ ಒಂದೇ ಬಲ ಹಾಕುವ ಅಭ್ಯಾಸ ಬೇಕು ಎಂಬುದೊಂದೇ ಅದರ ಕೊರತೆ, ಅದು ಕೈಗೆ ಬೇಗ ಬರುತ್ತದೆ.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇದು: ಕತ್ತಿಗೆ ಕಾಲೆಟ್ ಡೈ, ಮೈ ಮತ್ತು ಭುಜಕ್ಕೆ ಬಾಡಿ ಡೈ. ಮೊದಲು ಬಾಡಿ ಡೈ, ಎಣ್ಣೆ ಒರೆಸಿದ ಮೇಲೆ ಕಾಲೆಟ್. ಎರಡು ಡೈ ಆಯಿತು ಎನ್ನಬಹುದು, ಆದರೆ ನಾಲ್ಕೈದು ವರ್ಷ ಅದೇ ಕೇಸ್‌ಗಳೊಂದಿಗೆ ಬಾಳುವವರಿಗೆ ಆ ಎರಡನೆಯ ಡೈ ದುಂದಲ್ಲ.

ಹಳೆಪ್ರೆಸ್

ಎಕ್ಸ್‌ಪಾಂಡರ್ ಬಗೆಗಿನ ಆಕ್ಷೇಪ ನ್ಯಾಯವಾದದ್ದೇ. ಕತ್ತಿನ ಒಳಗೆ ನೈಲಾನ್ ಬ್ರಷ್‌ನಿಂದ ಒಣ ಗ್ರಾಫೈಟನ್ನೋ ತೆಳು ಎಣ್ಣೆಯನ್ನೋ ಒಮ್ಮೆ ಸವರಿದರೆ ಅದರ ತೊಂದರೆ ಬಹುಪಾಲು ತಗ್ಗುತ್ತದೆ. ಫಾರ್ಸ್ಟರ್‌ನ ಫುಲ್ ಲೆಂತ್ ಡೈಯಲ್ಲಿ ಎಕ್ಸ್‌ಪಾಂಡರನ್ನು ಮೇಲೆ, ಕತ್ತಿಗೆ ಹತ್ತಿರದಲ್ಲಿ ಕೂರಿಸಿರುತ್ತಾರೆ. ಕತ್ತಿಗೆ ಡೈಯ ಆಸರೆ ಇನ್ನೂ ಇರುವಾಗಲೇ ಅದು ಒಳಗಿನಿಂದ ಹಾದುಹೋಗುವುದರಿಂದ ಪಕ್ಕಕ್ಕೆ ಬಾಗುವುದು ಕಡಿಮೆ. ಎಕ್ಸ್‌ಪಾಂಡರನ್ನೇ ತೆಗೆದುಹಾಕಿ, ಆಮೇಲೆ ಪ್ರತ್ಯೇಕ ಡೈಯಲ್ಲಿ ಮ್ಯಾಂಡ್ರೆಲ್ ಹಾಕಿ ಒಳಗಿನಿಂದ ಅಂತಿಮ ಅಳತೆಗೆ ತರುವವರೂ ಇದ್ದಾರೆ. ಅದೂ ಸೊಗಸಾದ ಕ್ರಮ.

ನೆಕ್ ಸೈಜಿಂಗ್ ಮಾತ್ರವೇ ಸಾಕು ಎಂಬ ವಾದದ ಬಗ್ಗೆ ಒಂದು ಮಾತು. ಮೊದಲ ಒಂದೆರಡು ಸಲ ಅದು ಚೆನ್ನಾಗಿಯೇ ನಡೆಯುತ್ತದೆ, ಏಕೆಂದರೆ ಹೊಸ ಕೇಸ್ ಮೊದಲ ಹೊಡೆತಕ್ಕೇ ಚೇಂಬರನ್ನು ಪೂರ್ತಿ ತುಂಬುವುದಿಲ್ಲ. ಬಳಿಕ ಮೈಯೂ ಭುಜವೂ ಚೇಂಬರ್‌ಗೆ ಸರಿಸಮವಾಗುತ್ತ ಬಂದು ಬೋಲ್ಟ್ ಬಿಗಿಯಾಗತೊಡಗುತ್ತದೆ. ಎಲ್ಲ ಕೇಸ್‌ಗಳೂ ಒಂದೇ ಸಲ ಬಿಗಿಯಾದರೆ ಚಿಂತೆಯಿರಲಿಲ್ಲ; ಒಂದು ಸಡಿಲ, ಇನ್ನೊಂದು ಬಿಗಿ ಎಂದಾದಾಗ ಬೋಲ್ಟ್ ಮುಚ್ಚುವ ಬಲ ಬದಲಾಗಿ ರೈಫಲ್ ಕೈಯಲ್ಲಿ ಅಲುಗುತ್ತದೆ. ನಿಖರತೆಯೇ ಧ್ಯೇಯವಾದ ಬೆಂಚ್‌ರೆಸ್ಟ್ ಸ್ಪರ್ಧಿಗಳಲ್ಲಿ ಹೆಚ್ಚಿನವರು ಈಗ ಅಲ್ಪ ಪ್ರಮಾಣದ ಫುಲ್ ಲೆಂತ್ ಸೈಜಿಂಗ್‌ಗೇ ಬಂದು ನಿಂತಿರುವುದು ಈ ಕಾರಣಕ್ಕೆ.

ಸಾವಿರಾಂಶ

ಬುಷಿಂಗ್ ಡೈ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತೇನೆ. ಈ ಡೈಯಲ್ಲಿ ಕತ್ತಿನ ಜಾಗಕ್ಕೆ ಬೇಕಾದ ವ್ಯಾಸದ ಉಕ್ಕಿನ ಬಳೆಯೊಂದನ್ನು ಹಾಕುತ್ತೀರಿ, 0.001 ಇಂಚಿನ ಅಂತರದಲ್ಲಿ ಬಳೆಗಳು ದೊರೆಯುತ್ತವೆ. ಕತ್ತನ್ನು ಎಷ್ಟು ಬೇಕೋ ಅಷ್ಟೇ ಅಮುಕಬಹುದು, ಎಕ್ಸ್‌ಪಾಂಡರ್ ಬೇಕೆನಿಸದಿದ್ದರೆ ಬಿಡಬಹುದು.

ಲೆಕ್ಕ ಸುಲಭ. ಬುಲೆಟ್‌ನ ವ್ಯಾಸ 0.308 ಇಂಚು, ನಿಮ್ಮ ಕೇಸ್‌ನ ಕತ್ತಿನ ಗೋಡೆ 0.015 ಇಂಚು ಎಂದುಕೊಂಡರೆ ಲೋಡ್ ಆದ ಕಾರ್ಟ್ರಿಜ್‌ನ ಕತ್ತಿನ ಹೊರವ್ಯಾಸ 0.338. ಅದರಿಂದ 0.002 ಅಥವಾ 0.003 ಕಳೆದರೆ 0.336 ಅಥವಾ 0.335ರ ಬಳೆ. ಗೋಡೆ 0.013 ಇಂಚಿನ ಇನ್ನೊಂದು ತಯಾರಕರ ಕೇಸ್ ಬಂದರೆ ಹೊರವ್ಯಾಸ 0.334ಕ್ಕೆ ಇಳಿಯುತ್ತದೆ. ಮೊದಲಿನ 0.336ರ ಬಳೆಯಲ್ಲಿ ಆ ಕೇಸ್ ಬುಲೆಟನ್ನು ಹಿಡಿಯುವುದೇ ಇಲ್ಲ, ಬುಲೆಟ್ ಬೆರಳಿನಿಂದ ಒತ್ತಿದರೆ ಒಳಗಿಳಿಯುತ್ತದೆ. ಬೇರೆ ಬೇರೆ ತಯಾರಕರ ಕೇಸ್ ಬೆರೆತಿರುವ ನಿಮ್ಮ ಎರಡನೆಯ ರಾಶಿಗೆ ಬುಷಿಂಗ್ ಡೈ ಹೊಂದುವುದಿಲ್ಲ ಎನ್ನುವುದು ಇದರಿಂದಲೇ ತಿಳಿಯುತ್ತದೆ.

ಇನ್ನೂ ಎರಡು ಸಂಗತಿಗಳಿವೆ. ಬಳೆಯ ಬಾಯಿಯ ಅಂಚು ಓರೆಯಾಗಿರುವುದರಿಂದ ಭುಜಕ್ಕೆ ತಾಗಿದ ಕತ್ತಿನ ಕೊನೆಯ ಚೂರು ಸೈಜ್ ಆಗದೆ ಉಳಿಯುತ್ತದೆ. ಇದರಿಂದ ಹಾನಿಯಿಲ್ಲ, ಆದರೆ ನೋಡಿದವರು ಡೈ ಕೆಟ್ಟಿದೆ ಎಂದು ತಿಳಿಯುವುದುಂಟು. ಎರಡನೆಯದಾಗಿ, ಎಕ್ಸ್‌ಪಾಂಡರ್ ಇಲ್ಲದೆ ಹೊರಗಿನಿಂದ ಮಾತ್ರ ಅಮುಕಿದಾಗ ಗೋಡೆಯ ದಪ್ಪ ತೆಳುವಿನ ವ್ಯತ್ಯಾಸವೆಲ್ಲ ಒಳಮುಖಕ್ಕೆ ಹೋಗುತ್ತದೆ, ಬುಲೆಟ್ ತಾಗುವುದು ಅಲ್ಲಿಗೇ. ಅದಕ್ಕಾಗಿ ಕತ್ತಿನ ಹೊರಮೈಯನ್ನು ಹೆರೆದು ಸಮ ಮಾಡುವ ಕೆಲಸವೂ ಜೊತೆಗೆ ಬರುತ್ತದೆ. 300 ಮೀಟರ್‌ನ ಅಭ್ಯಾಸಕ್ಕೆ ಇಷ್ಟು ದೂರ ಹೋಗುವುದು ಅನಗತ್ಯವೆಂದೇ ನನ್ನ ಭಾವನೆ. ಒಂದೇ ಬಗೆಯ ಒಳ್ಳೆಯ ಕೇಸ್‌ಗಳ ಮೇಲೆ ನೆಲೆನಿಂತ ಬಳಿಕ ಬುಷಿಂಗ್ ಡೈ ಕೊಂಡರೆ ಅದರ ಸುಖ ತಿಳಿಯುತ್ತದೆ.

ಸ್ಮಾಲ್ ಬೇಸ್ ಡೈ ಮೈಯನ್ನು, ವಿಶೇಷವಾಗಿ ಬುಡದ ಹತ್ತಿರ, ಸಾಮಾನ್ಯ ಡೈಗಿಂತ ಇಂಚಿನ ಸಾವಿರದ ಒಂದೆರಡು ಭಾಗದಷ್ಟು ಹೆಚ್ಚು ಕಿರಿದು ಮಾಡುತ್ತದೆ. ಸೆಮಿ ಆಟೋಮ್ಯಾಟಿಕ್‌ಗಳಿಗೆ, ಅಗಲವಾದ ಚೇಂಬರ್‌ನ ಮಷಿನ್‌ಗನ್‌ಗಳಲ್ಲಿ ಹಾರಿದ ಕೇಸ್‌ಗಳಿಗೆ ಅದರ ಅಗತ್ಯ ಬೀಳುತ್ತದೆ. ನಿಮ್ಮ ಎರಡನೆಯ ರಾಶಿಯ ಕೇಸ್‌ಗಳನ್ನು ಮೊದಲು ಸಾಮಾನ್ಯ ಫುಲ್ ಲೆಂತ್ ಡೈಯಲ್ಲಿ ಸೈಜ್ ಮಾಡಿ ಖಾಲಿಯಾಗಿಯೇ ಚೇಂಬರ್‌ಗೆ ಹಾಕಿ ನೋಡಿ. ಬೋಲ್ಟ್ ಮುಚ್ಚದ ಕೇಸ್ ಬೆರಳೆಣಿಕೆಯಷ್ಟಿದ್ದರೆ ಅವುಗಳನ್ನು ಎಸೆಯುವುದು ಹೊಸ ಡೈ ಕೊಳ್ಳುವುದಕ್ಕಿಂತ ಲಾಭ. ಆ ರಾಶಿಯನ್ನು ಪ್ರೆಸ್‌ಗೆ ಕೊಡುವ ಮುನ್ನ ಒಂದೊಂದರ ಒಳಗೂ ಬೆಳಕು ಬಿಟ್ಟು ನೋಡುವುದನ್ನು ಮರೆಯಬೇಡಿ: ಬುಡದಲ್ಲಿ ನಡುವೆ ಒಂದು ರಂಧ್ರವಿದ್ದರೆ ಬಾಕ್ಸರ್ ಪ್ರೈಮರ್, ಪಕ್ಕಪಕ್ಕದಲ್ಲಿ ಎರಡು ಪುಟ್ಟ ರಂಧ್ರಗಳಿದ್ದರೆ ಬರ್ಡನ್. ಬರ್ಡನ್ ಕೇಸ್ ಡೈಯೊಳಗೆ ಹೋದರೆ ಪ್ರೈಮರನ್ನು ಹೊರದಬ್ಬುವ ಡೀಕ್ಯಾಪಿಂಗ್ ಪಿನ್ ಮುರಿಯುವುದು ಖಂಡಿತ.

ನೇರಗುರಿ

ಎಲ್ಲರಿಗೂ ಕೃತಜ್ಞತೆಗಳು. ಹಳೆಪ್ರೆಸ್ ಅವರ ಸಲಹೆಯಂತೆ ಫುಲ್ ಲೆಂತ್ ಡೈಯನ್ನೂ ಕಂಪ್ಯಾರೇಟರನ್ನೂ ತಂದೆ. ನನ್ನ ರೈಫಲ್‌ನಲ್ಲಿ ಹಾರಿಸಿದ ಕೇಸ್‌ಗಳನ್ನು ಪ್ರೈಮರ್ ತೆಗೆದು ಅಳೆದರೆ ಬಹುತೇಕ ಎಲ್ಲವೂ 1.631 ಇಂಚು ತೋರಿಸುತ್ತವೆ. ಡೈಯನ್ನು ಶೆಲ್ ಹೋಲ್ಡರ್‌ಗೆ ಗಟ್ಟಿಯಾಗಿ ಮುಟ್ಟಿಸಿ ಸೈಜ್ ಮಾಡಿದರೆ 1.624ಕ್ಕೆ ಇಳಿಯಿತು; ತಾವು ಎಚ್ಚರಿಸಿದ್ದು ಇದನ್ನೇ ಎಂದು ಗೊತ್ತಾಯಿತು. ಆದರೆ ಡೈಯನ್ನು ಮೇಲಕ್ಕೆ ತಿರುಗಿಸಿ ಸ್ವಲ್ಪ ಅಂತರ ಬಿಟ್ಟು ಹಾರಿಸಿದ ಇನ್ನೊಂದು ಕೇಸನ್ನು ಸೈಜ್ ಮಾಡಿದಾಗ ಅದು 1.634 ತೋರಿಸಿತು. ಕಿರಿದು ಮಾಡಬೇಕಾದ ಡೈ ಉದ್ದ ಮಾಡಿದ್ದು ಹೇಗೆ? ಆ ಕೇಸ್‌ಗೆ ಬೋಲ್ಟ್ ಕೂಡ ಬಹಳ ಬಿಗಿಯಾಗಿ ಮುಚ್ಚಿತು. ಸೈಜ್ ಮಾಡದ ಕೇಸ್ ಅದಕ್ಕಿಂತ ಸಲೀಸಾಗಿ ಹೋಗುತ್ತಿತ್ತು. ಡೈ ದೋಷಯುಕ್ತವೇ?

ಹಳೆಪ್ರೆಸ್

ಡೈಯಲ್ಲಿ ದೋಷವಿಲ್ಲ. ನೀವು ಕಂಡದ್ದು ಆಗಲೇಬೇಕಾದದ್ದು.

ಕೇಸ್ ಡೈಯೊಳಗೆ ಏರುವಾಗ ಮೊದಲು ಸಿಕ್ಕುವುದು ಮೈಯ ಗೋಡೆ. ಪಕ್ಕದಿಂದ ಅಮುಕಿದ ಹಿತ್ತಾಳೆಗೆ ಹೋಗಲು ಬೇರೆ ದಾರಿಯಿಲ್ಲದೆ ಮುಂದಕ್ಕೆ, ಅಂದರೆ ಭುಜದ ಕಡೆಗೆ ಸರಿಯುತ್ತದೆ. ಟೂತ್‌ಪೇಸ್ಟ್ ಟ್ಯೂಬನ್ನು ಬುಡದಲ್ಲಿ ಹಿಸುಕಿದಂತೆ. ಡೈಯ ಭುಜ ಕೇಸ್‌ನ ಭುಜಕ್ಕೆ ಇನ್ನೂ ತಾಗಿಲ್ಲದಿರುವುದರಿಂದ ಆ ಬೆಳವಣಿಗೆಯನ್ನು ತಡೆಯುವವರಿಲ್ಲ, ಹಾಗಾಗಿ 1.631 ಇದ್ದದ್ದು 1.634 ಆಯಿತು, ಚೇಂಬರ್‌ಗಿಂತ ಉದ್ದವಾದ ಕೇಸ್‌ಗೆ ಬೋಲ್ಟ್ ಬಿಗಿಯಾಯಿತು. ಡೈಯನ್ನು ಇನ್ನಷ್ಟು ಇಳಿಸಿದರೆ ಎರಡೂ ಭುಜಗಳು ತಾಗಿ ಅಳತೆ ಹಿಂದಕ್ಕೆ ಬರತೊಡಗುತ್ತದೆ. ಬೋಲ್ಟ್ ಬಿಗಿಯಾಯಿತೆಂದು ಹೆದರಿ ಡೈಯನ್ನು ಮತ್ತೆ ಮೇಲಕ್ಕೆತ್ತುವವರು ಎಂದಿಗೂ ಸರಿಯಾದ ಜಾಗಕ್ಕೆ ಬರುವುದಿಲ್ಲ.

ನಿಮಗೆ ಬೇಕಾದ ಅಳತೆ 1.629ರಿಂದ 1.630. ರೀಲೋಡಿಂಗ್ ಡೈಗಳ ಸಾಮಾನ್ಯ ಮರೆ (ಥ್ರೆಡ್) ಇಂಚಿನ 7/8 ಭಾಗ ವ್ಯಾಸದ್ದು, ಇಂಚಿಗೆ 14 ಸುತ್ತು. ಅಂದರೆ ಒಂದು ಪೂರ್ತಿ ಸುತ್ತಿಗೆ ಡೈ 0.071 ಇಂಚು ಇಳಿಯುತ್ತದೆ, ಹತ್ತು ಡಿಗ್ರಿ ತಿರುಗಿಸಿದರೆ ಸುಮಾರು 0.002 ಇಂಚು. ಡೈಯ ತಲೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಂಡು, ಹತ್ತು ಡಿಗ್ರಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸದೆ, ಪ್ರತಿ ತಿರುವಿಗೂ ಇನ್ನೂ ಸೈಜ್ ಮಾಡದ ಬೇರೊಂದು ಕೇಸ್ ಹಾಕಿ ಅಳೆಯುತ್ತ ಬನ್ನಿ. ಒಂದೇ ಕೇಸನ್ನು ಮತ್ತೆ ಮತ್ತೆ ಹಾಕಿದರೆ ಪ್ರತಿ ಸಲ ಚೂರು ಚೂರು ಸರಿದು ಸುಳ್ಳು ಲೆಕ್ಕ ಕೊಡುತ್ತದೆ. ಅಳತೆ ಸಿಕ್ಕಿದ ಮೇಲೆ ಲಾಕ್ ರಿಂಗ್ ಬಿಗಿಯುವಾಗ ಕೇಸ್ ಡೈಯೊಳಗೆ ಇದ್ದು ರಾಮ್ (ಪ್ರೆಸ್‌ನಲ್ಲಿ ಕೇಸನ್ನು ಮೇಲೆತ್ತುವ ಕಂಬ) ಪೂರ್ತಿ ಮೇಲೆ ಇರಲಿ, ಆಗ ಡೈ ಮರೆಯಲ್ಲಿ ನೇರವಾಗಿ ಕೂರುತ್ತದೆ.

ನಿಮ್ಮ 1.631 ಎಂಬುದು ನಿಮ್ಮ ಕಂಪ್ಯಾರೇಟರ್‌ನ 1.631. ಅದರ ರಂಧ್ರದ ಅಂಚು ಎಲ್ಲಿ ತಾಗುತ್ತದೆ ಎಂಬುದರ ಮೇಲೆ ಆ ಸಂಖ್ಯೆ ನಿಂತಿರುವುದರಿಂದ ಬೇರೆಯವರ ಸಂಖ್ಯೆಯೊಂದಿಗಾಗಲಿ ಸಾಮಿ ನಕ್ಷೆಯೊಂದಿಗಾಗಲಿ ಹೋಲಿಸಬೇಡಿ. ಹಾರಿದ ಕೇಸ್‌ಗೂ ಸೈಜ್ ಆದ ಕೇಸ್‌ಗೂ ನಡುವಿನ ವ್ಯತ್ಯಾಸವಷ್ಟೇ ನಿಮಗೆ ಬೇಕಾದದ್ದು.

ಮೆತ್ತನೆಕತ್ತು

ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಅಳತೆ ಹಿಡಿಯುವಾಗ ಡೀಕ್ಯಾಪಿಂಗ್ ಕಡ್ಡಿಯನ್ನು ಎಕ್ಸ್‌ಪಾಂಡರ್ ಸಮೇತ ತೆಗೆದಿಡಿ. ಒಣ ಕತ್ತಿನ ಮೂಲಕ ಎಕ್ಸ್‌ಪಾಂಡರ್ ಹೊರಬರುವಾಗ ಆಗಷ್ಟೇ ಹಿಂದಕ್ಕೆ ತಳ್ಳಿದ ಭುಜವನ್ನೂ ತುಸು ಮುಂದಕ್ಕೆ ಎಳೆಯಬಲ್ಲದು, ಆಗ ತಪ್ಪು ಡೈಯದೋ ಎಕ್ಸ್‌ಪಾಂಡರ್‌ನದೋ ತಿಳಿಯುವುದಿಲ್ಲ. ಡೈ ಸರಿಯಾಗಿ ಕೂತ ಮೇಲೆ ಕಡ್ಡಿಯನ್ನು ಹಾಕಿ ಮತ್ತೊಮ್ಮೆ ಅಳೆಯಿರಿ. ಸಂಖ್ಯೆ ಬದಲಾದರೆ ಕತ್ತಿನ ಒಳಗೆ ಎಣ್ಣೆ ಸಾಲದು ಎಂದೇ ಅರ್ಥ.

ಹೊರಗಿನ ಎಣ್ಣೆಯ ವಿಷಯದಲ್ಲೂ ಜಿಪುಣತನ ಬೇಡ, ಧಾರಾಳವೂ ಬೇಡ. ಕಡಿಮೆಯಾದರೆ ಕೇಸ್ ಡೈಯೊಳಗೆ ಕಚ್ಚಿಕೊಂಡು ಬುಡದ ಅಂಚು ಹರಿದುಬರುತ್ತದೆ. ಆಮೇಲೆ ಬುಡಕ್ಕೆ ರಂಧ್ರ ಕೊರೆದು, ಮರೆ ಹಾಕಿ, ಸ್ಕ್ರೂನಿಂದ ಎಳೆಯುವ ಸಾಹಸ ನಡೆಸಬೇಕು. ಹೆಚ್ಚಾದರೆ ಹಿಡಿದಿಟ್ಟ ಎಣ್ಣೆಗೆ ಹೋಗಲು ಜಾಗವಿಲ್ಲದೆ ಭುಜದ ಮೇಲೆ ಹಳ್ಳ ಬೀಳುತ್ತದೆ. ಬೆರಳುಗಳ ನಡುವೆ ಕೇಸನ್ನು ಉರುಳಿಸಿದಾಗ ಮೈಯೆಲ್ಲ ತೆಳುವಾಗಿ ಜಾರುವಷ್ಟಿದ್ದರೆ ಸಾಕು, ಭುಜಕ್ಕೆ ಬೇಕಾಗಿಲ್ಲ. ಲ್ಯಾನೋಲಿನ್ ಮತ್ತು ಆಲ್ಕೋಹಾಲ್ ಬೆರೆಸಿದ ಸ್ಪ್ರೇ ಬಳಸುವವರು ಆಲ್ಕೋಹಾಲ್ ಪೂರ್ತಿ ಆರುವವರೆಗೆ ಕಾಯಬೇಕು. ಕೇಸ್ ಕಚ್ಚಿಕೊಳ್ಳುವ ಪ್ರಸಂಗಗಳಲ್ಲಿ ಹಲವು ಈ ಆತುರದಿಂದ ಆಗುತ್ತವೆ. ಕಾರ್ಬೈಡ್ ಡೈಗೆ ಎಣ್ಣೆಯೇ ಬೇಡ ಎಂಬ ಮಾತು ನೇರ ಗೋಡೆಯ ಪಿಸ್ತೂಲ್ ಕೇಸ್‌ಗಳಿಗೆ ಸಲ್ಲುತ್ತದೆ. ಭುಜವಿರುವ ರೈಫಲ್ ಕೇಸ್‌ಗೆ ಡೈ ಕಾರ್ಬೈಡ್ ಆಗಿದ್ದರೂ ಎಣ್ಣೆ ಬೇಕೇ ಬೇಕು.

ಅಂಚುಗಾರ

ನಡುವೆ ಬಂದುದಕ್ಕೆ ಕ್ಷಮೆಯಿರಲಿ. ನನ್ನದು .303 ಬ್ರಿಟಿಷ್, ಹಳೆಯ ಲೀ ಎನ್‌ಫೀಲ್ಡ್. ಈ ಕೇಸ್‌ಗೆ ಬುಡದಲ್ಲಿ ಅಂಚು ಇದ್ದು, ಹೆಡ್‌ಸ್ಪೇಸ್ (ಚೇಂಬರ್‌ನಲ್ಲಿ ಕೇಸ್ ಎಲ್ಲಿ ತಡೆದು ನಿಲ್ಲುತ್ತದೆ ಎಂಬ ಲೆಕ್ಕ) ಅದರ ಮೇಲೆಯೇ ನಿಲ್ಲುತ್ತದೆ ಎನ್ನುತ್ತಾರೆ. ಹಾಗಿದ್ದರೆ ಭುಜವನ್ನು ಎಷ್ಟು ತಳ್ಳಿದರೂ ನಡೆಯುತ್ತದೆಯೇ?

ಸಾವಿರಾಂಶ

ನಡೆಯುವುದಿಲ್ಲ. ನಿಮ್ಮ ಕೇಸ್‌ಗೇ ಈ ಎಚ್ಚರ ಹೆಚ್ಚು ಬೇಕು. ಹೊಸ ಕಾರ್ಟ್ರಿಜ್ ಚೇಂಬರ್‌ನಲ್ಲಿ ಅಂಚಿನ ಮೇಲೆ ನಿಲ್ಲುವುದರಿಂದ ಭುಜದ ಮುಂದೆ ಎಷ್ಟು ಖಾಲಿ ಜಾಗವಿದ್ದರೂ ತಯಾರಕರಿಗೆ ಚಿಂತೆಯಿರಲಿಲ್ಲ, ಯುದ್ಧಕಾಲದ ರೈಫಲ್‌ಗಳಲ್ಲಿ ಆ ಜಾಗವನ್ನು ಧಾರಾಳವಾಗಿಯೇ ಬಿಟ್ಟಿದ್ದಾರೆ. ಹಾರಿದ ಕೇಸ್‌ನ ಭುಜ ಹೊಸದರ ಭುಜಕ್ಕಿಂತ ಎದ್ದು ಕಾಣುವಷ್ಟು ಮುಂದಿರುತ್ತದೆ. ಅದನ್ನು ಪ್ರತಿ ಸಲ ಕಾರ್ಖಾನೆಯ ಅಳತೆಗೆ ತಳ್ಳಿ, ಪ್ರತಿ ಸಲ ಚೇಂಬರ್ ಅದನ್ನು ಮುಂದಕ್ಕೆ ಎಳೆದರೆ ಬುಡದ ಮೇಲಿನ ಗೋಡೆ ಬೇಗನೆ ಸೋಲುತ್ತದೆ. ಲೀ ಎನ್‌ಫೀಲ್ಡ್‌ನ ಬೋಲ್ಟ್ ಹಿಂಭಾಗದಲ್ಲಿ ಬೀಗ ಹಾಕಿಕೊಳ್ಳುವುದರಿಂದ ಒತ್ತಡಕ್ಕೆ ತುಸು ಹೆಚ್ಚೇ ಜಗ್ಗುತ್ತದೆ, ಅದೂ ಈ ಎಳೆತಕ್ಕೆ ಕೂಡಿಕೊಳ್ಳುತ್ತದೆ. ನೀವು ಒಂದೇ ರೈಫಲ್‌ಗೆ ಬಳಸುವುದಾದರೆ ಮಿತವಾದ ಲೋಡ್‌ಗಳಿಗೆ ನೆಕ್ ಸೈಜಿಂಗ್ ಮಾಡಿ; ಬೋಲ್ಟ್ ಬಿಗಿಯೆನಿಸಿದಾಗ ಫುಲ್ ಲೆಂತ್ ಡೈಯನ್ನು ಭುಜಕ್ಕೆ ತಾಗುವಷ್ಟೇ ಇಳಿಸಿ. ನೆಕ್ ಸೈಜಿಂಗ್ ನಿಜಕ್ಕೂ ಸೊಗಸಾಗಿ ಒಪ್ಪುವ ಜಾಗ ಇದೇ ಎಂದು ನನಗನಿಸುತ್ತದೆ.

.300 ವಿಂಚೆಸ್ಟರ್ ಮ್ಯಾಗ್ನಮ್, 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಮ್‌ಗಳಂಥ ಬುಡದಲ್ಲಿ ಪಟ್ಟಿ ಇರುವ ಕೇಸ್‌ಗಳಿಗೂ ಇದೇ ನ್ಯಾಯ. ಮೊದಲ ಸಲ ಪಟ್ಟಿಯ ಮೇಲೆ ನಿಲ್ಲುತ್ತವೆ, ಅಲ್ಲಿಂದ ಮುಂದೆ ಭುಜದ ಮೇಲೆ ನಿಲ್ಲುವಂತೆ ಡೈಯನ್ನು ಹೊಂದಿಸಿಕೊಳ್ಳಬೇಕು.

ನೇರಗುರಿ

ಕಡ್ಡಿ ತೆಗೆದು, ಗೆರೆ ಎಳೆದುಕೊಂಡು, ಹೇಳಿದಂತೆ ಇಳಿಸುತ್ತ ಬಂದೆ. ಡೈ ಮತ್ತು ಶೆಲ್ ಹೋಲ್ಡರ್ ನಡುವೆ ಕಾಗದದಷ್ಟು ಬೆಳಕು ಕಾಣುವಾಗಲೇ 1.6295 ಸಿಕ್ಕಿತು, ಬೋಲ್ಟ್ ತಾನಾಗಿ ಬೀಳುವಂತೆ ಮುಚ್ಚುತ್ತಿದೆ. ಕಡ್ಡಿ ಮತ್ತೆ ಹಾಕಿದ ಮೇಲೂ ಅಳತೆ ಬದಲಾಗಲಿಲ್ಲ. ಆದರೆ ಒಂದೇ ಸೆಟ್ಟಿಂಗ್‌ನಲ್ಲಿ ಕೆಲವು 1.629, ಕೆಲವು 1.631 ಬರುತ್ತಿವೆ. ಇದು ಸಹಜವೇ?

ಹಳೆಪ್ರೆಸ್

ಸಹಜ, ಆದರೆ ತಗ್ಗಿಸಬಹುದು. ಹೆಚ್ಚು ಸಲ ಹಾರಿದ ಕೇಸ್ ಗಡಸಾಗಿರುತ್ತದೆ, ಡೈ ಬಿಟ್ಟ ಮೇಲೆ ಹೆಚ್ಚು ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಸಲ ಹಾರಿದೆ ಎಂಬುದರ ಮೇಲೆ ಕೇಸ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ. ರಾಮ್ ಮೇಲೆ ಹೋದಾಗ ಒಂದೆರಡು ಸೆಕೆಂಡ್ ಅಲ್ಲೇ ಹಿಡಿದು ನಿಲ್ಲಿಸಿ, ಎಣ್ಣೆಯ ಪ್ರಮಾಣ ಒಂದೇ ತೆರನಾಗಿರಲಿ. ಡೈ ಮತ್ತು ಶೆಲ್ ಹೋಲ್ಡರ್ ನಡುವೆ ಅಂತರ ಇರುವಾಗ ಪ್ರೆಸ್ ಜಗ್ಗುವುದೂ ಕೇಸ್‌ನಿಂದ ಕೇಸ್‌ಗೆ ಬದಲಾಗುತ್ತದೆ. ಅದನ್ನು ನೀಗಿಸಲು ರೆಡಿಂಗ್‌ನವರು 0.002 ಇಂಚಿನ ಅಂತರದಲ್ಲಿ 0.002ರಿಂದ 0.010ರವರೆಗೆ ಎತ್ತರಿಸಿದ ಐದು ಶೆಲ್ ಹೋಲ್ಡರ್‌ಗಳ ಸೆಟ್ ಮಾಡುತ್ತಾರೆ. ಅವುಗಳಲ್ಲಿ ಸರಿಹೊಂದುವುದನ್ನು ಹಾಕಿದರೆ ಡೈಯನ್ನು ಗಟ್ಟಿಯಾಗಿ ಮುಟ್ಟಿಸಿಯೇ ಬೇಕಾದ ಅಳತೆ ಪಡೆಯಬಹುದು. ಸದ್ಯಕ್ಕೆ ಅದು ಬೇಕೆಂದೇನಿಲ್ಲ.

ಅನೀಲಿಂಗ್, ಅಂದರೆ ಕತ್ತು ಮತ್ತು ಭುಜವನ್ನು ಬಿಸಿ ಮಾಡಿ ಮೆದುಗೊಳಿಸುವ ಕೆಲಸ, ಈ ಚಿಮ್ಮುವಿಕೆಯನ್ನು ಸಮ ಮಾಡುತ್ತದೆ. ಬಿಸಿ ಬುಡಕ್ಕೆ ಇಳಿಯಬಾರದು. ಬುಡ ಮೆದುವಾದ ಕೇಸ್ ಒತ್ತಡ ತಡೆಯುವುದಿಲ್ಲ, ಅದು ಸಂಪೂರ್ಣ ಅಪಾಯಕಾರಿ.

ಟ್ರಿಮ್ಮರ್ ಇದೆ ಎಂದಿದ್ದೀರಿ. ಉದ್ದವನ್ನು ಸೈಜ್ ಮಾಡಿದ ಮೇಲೆಯೇ ಅಳೆಯಿರಿ, ಮೊದಲಲ್ಲ, ಏಕೆಂದರೆ ಅಮುಕಿದ ಹಿತ್ತಾಳೆ ಕೊನೆಗೆ ಬಂದು ಸೇರುವುದು ಕತ್ತಿಗೆ. .308ಕ್ಕೆ ಗರಿಷ್ಠ ಉದ್ದ 2.015 ಇಂಚು, ಅದನ್ನು ದಾಟಿದ ಕೇಸನ್ನು 2.005ಕ್ಕೆ ಕತ್ತರಿಸಿ, ಬಾಯಿಯ ಒಳ ಹೊರ ಅಂಚುಗಳ ಚೂಪನ್ನು ತೆಗೆಯಿರಿ. ಬುಷಿಂಗ್ ಡೈ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಿಮ್ಮ ಮೊದಲ ರಾಶಿಯ ಕತ್ತುಗಳು ಸೀಳತೊಡಗಿದಾಗ ಮತ್ತೆ ಎತ್ತೋಣ.